ಸಾಲ ಅಣ್ಣನದು, ಒತ್ತಾಯ ಅಮ್ಮನದು

ಈ ವಾರದ ಪತ್ರಗಳಲ್ಲಿ ನನ್ನನ್ನು ನಿಜಕ್ಕೂ ಕೆರಳಿಸಿದ್ದು ಒಂದೇ. ಬರೆದವರು ಉದ್ಯೋಗಸ್ಥ ಮಹಿಳೆ. ವ್ಯಾಪಾರವನ್ನು ವಿಸ್ತರಿಸಲು ಅಣ್ಣ ದೊಡ್ಡ ಸಾಲಕ್ಕೆ ಅರ್ಜಿ ಹಾಕಿದ್ದಾರೆ, ಬ್ಯಾಂಕು ಜಾಮೀನುದಾರರನ್ನು ಕೇಳಿದೆ. ಅಮ್ಮ ದಿನವೂ ಫೋನು ಮಾಡಿ, ‘ಬರೀ ಒಂದು ಸಹಿ ತಾನೆ’ ಎನ್ನುತ್ತಿದ್ದಾರೆ. ಪತಿಗೆ ಇದು ಒಪ್ಪಿಗೆಯಿಲ್ಲ. ಸಹಿ ಹಾಕದಿದ್ದರೆ ತವರು ದೂರವಾಗುತ್ತದೆ, ಹಾಕಿದರೆ ನೆಮ್ಮದಿ ಹೋಗುತ್ತದೆ, ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ನಿಮ್ಮ ಪತ್ರದ ಕೊನೆಯಲ್ಲಿ, ಮರೆತಿದ್ದನ್ನು ಸೇರಿಸಿದಂತೆ, ನೀವೊಂದು ಸಾಲು ಬರೆದಿದ್ದೀರಿ: ‘ಅಣ್ಣ ಈ ವಿಷಯವನ್ನು ನನ್ನೊಡನೆ ಇನ್ನೂ ಮಾತನಾಡಿಲ್ಲ.’ ನನಗೆ ಇಡೀ ಪತ್ರವೇ ಆ ಸಾಲಿನಲ್ಲಿದೆ. ನಿಮ್ಮ ಮುಂದಿನ ಹಲವು ವರ್ಷಗಳ ಸಂಬಳವನ್ನು ಪಣಕ್ಕಿಡಲು ಬಯಸುವವರು ನಿಮ್ಮೆದುರು ಬಂದು, ಮೊತ್ತವೆಷ್ಟು, ಬಡ್ಡಿ ಎಷ್ಟು, ವ್ಯಾಪಾರ ಕೈಕೊಟ್ಟರೆ ದಾರಿಯೇನು ಎಂದು ವಿವರಿಸುವ ಮುಜುಗರವನ್ನೂ ಅನುಭವಿಸಲು ಸಿದ್ಧರಿಲ್ಲ.

ಆದರೂ ಅಣ್ಣನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬಂಡವಾಳ ಹುಡುಕುವವರು ಎಲ್ಲ ಬಾಗಿಲುಗಳನ್ನೂ ತಟ್ಟುತ್ತಾರೆ. ನನ್ನ ಸಿಟ್ಟು ನಿಮ್ಮ ಅಮ್ಮನ ಮೇಲೆ. ಮಗನಿಗಾಗಿ ಮಗಳ ಪ್ರೀತಿಯನ್ನು ಅಡವಿಡುವ ಕೆಲಸವನ್ನು ಅವರು ಮಾಡುತ್ತಿದ್ದಾರೆ, ಅದೂ ತಾವು ಓದಿರದ ಕಾಗದದ ಹೆಸರಿನಲ್ಲಿ.

ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳಿದ್ದನ್ನೇ ಹೇಳುತ್ತೇನೆ: ಸಾಲ ಕೊಡುವ ಸಂಸ್ಥೆ ಜಾಮೀನು ಕೇಳುವುದು ನಿಮ್ಮ ಆಸ್ತಿಗಾಗಿ ಮಾತ್ರವಲ್ಲ. ತಂಗಿಗೆ ಹೊರೆಯಾಗಬಾರದೆಂಬ ಸಂಕೋಚದಿಂದ ಸಾಲಗಾರ ಕಂತು ತಪ್ಪಿಸಲಾರ ಎಂಬ ಲೆಕ್ಕಾಚಾರವೂ ಅದರಲ್ಲಿದೆ. ಆ ಸಂಕೋಚ ಸಾಲದೆ ಹೋದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ. ಅಣ್ಣನಿಂದ ವಸೂಲಿಗೆ ಎಲ್ಲ ಪ್ರಯತ್ನವೂ ಮುಗಿಯಲಿ ಎಂದು ಸಂಸ್ಥೆ ಕಾಯಬೇಕೆಂದು ಸಾಮಾನ್ಯವಾಗಿ ಜಾಮೀನು ಪತ್ರಗಳಲ್ಲಿ ಇರುವುದಿಲ್ಲ.

‘ಬರೀ ಒಂದು ಸಹಿ’ ಎಂಬ ಮಾತಿಗೂ ಒಂದು ಇತಿಹಾಸವಿದೆ. ತಂದೆಯ ವ್ಯಾಪಾರದ ಸಾಲಕ್ಕೆ ಆಗಿನ ಜರ್ಮನ್ ಹಣದಲ್ಲಿ 1,00,000 ಮಾರ್ಕ್‌ವರೆಗೆ ಜಾಮೀನು ನಿಂತ 21 ವರ್ಷದ ಮಗಳೊಬ್ಬಳ ಪ್ರಕರಣ 1993ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯದ ಮುಂದೆ ಬಂದಿತ್ತು. ಇದರಿಂದ ದೊಡ್ಡ ಹೊಣೆಯೇನೂ ಬರುವುದಿಲ್ಲ, ಕಡತಕ್ಕೆ ಬೇಕು ಅಷ್ಟೇ ಎಂದು ಬ್ಯಾಂಕಿನವರು ಅವಳಿಗೆ ಹೇಳಿದ್ದರು. ಅವಳ ದುಡಿಮೆಯಿಂದ ಬಡ್ಡಿಯನ್ನು ತೀರಿಸುವುದೂ ಸಾಧ್ಯವಿರಲಿಲ್ಲ. ಇಂಥ ಒಪ್ಪಂದಗಳಲ್ಲಿ ಒಂದು ಪಕ್ಷ ತೀರ ದುರ್ಬಲವಾಗಿತ್ತೇ ಎಂಬುದನ್ನು ಕೆಳ ನ್ಯಾಯಾಲಯಗಳು ಪರಿಶೀಲಿಸಲೇಬೇಕೆಂದು ಆ ತೀರ್ಪು ಹೇಳಿತು. ಗಂಡನ ಸಾಲಕ್ಕೆ ಹೆಂಡತಿ ಜಾಮೀನಾಗುವಾಗ ವಕೀಲರು ಗಂಡನಿಲ್ಲದ ವೇಳೆಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ಪರಿಣಾಮಗಳನ್ನು ವಿವರಿಸಬೇಕೆಂದು 2001ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಎಟ್ರಿಜ್ ಪ್ರಕರಣದಲ್ಲಿ ನಿಗದಿಪಡಿಸಿತು. ಮನೆಯವರ ಸಮ್ಮುಖದಲ್ಲಿ ಕೊಟ್ಟ ಒಪ್ಪಿಗೆಯನ್ನು ನ್ಯಾಯಾಧೀಶರೇ ಇಷ್ಟು ಅನುಮಾನದಿಂದ ನೋಡುತ್ತಾರೆಂದರೆ, ಸಂಜೆಯ ಫೋನಿನಲ್ಲಿ ಕಣ್ಣೀರಿನ ಜತೆಗೆ ಕೇಳುವ ಒಪ್ಪಿಗೆಯ ಬಗ್ಗೆ ಬೇರೆ ಹೇಳಬೇಕೆ?

ನಿಮ್ಮ ಪತಿಯ ಅಸಮ್ಮತಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅವರು ಸರಿಯಾಗಿಯೇ ಹೇಳುತ್ತಿರಬಹುದು, ಆದರೆ ‘ನನ್ನವರು ಬೇಡವೆಂದರು’ ಎಂದು ಅವರ ಹಿಂದೆ ಅಡಗಿಕೊಳ್ಳಬೇಡಿ. ತವರಿನ ಕೋಪವೆಲ್ಲ ಆ ಮನುಷ್ಯನ ಮೇಲೆ ಬೀಳುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ: ಅಮ್ಮನ ಮೂಲಕ ಉತ್ತರ ಕಳುಹಿಸದೆ ನೇರವಾಗಿ ಅಣ್ಣನನ್ನೇ ಭೇಟಿಯಾಗಿ, ಜಾಮೀನಿಗೆ ಸಹಿ ಹಾಕುವುದಿಲ್ಲವೆಂದು ನಿಮ್ಮ ಬಾಯಿಂದಲೇ ಹೇಳಿ. ನೆರವಾಗುವ ಮನಸ್ಸಿದ್ದರೆ, ಹಿಂದಿರುಗಿ ಬಾರದಿದ್ದರೂ ನಿಮ್ಮ ಸಂಸಾರ ಏರುಪೇರಾಗದಷ್ಟು ಹಣವನ್ನು ಅದೇ ದಿನ ಉಡುಗೊರೆಯೆಂದು ಕೊಟ್ಟು ಬನ್ನಿ. ಆಮೇಲೆ ಅಮ್ಮನ ಫೋನು ಬಂದರೆ, ಅಣ್ಣನ ಜತೆ ಮಾತನಾಡಿ ಆಗಿದೆ ಎಂದು ಹೇಳಿ ಅವರ ಆರೋಗ್ಯ ವಿಚಾರಿಸಿ.