ಕೋಲಾರದಲ್ಲಿ ರಾಜಕೀಯ, ಸಿನಿಮಾ ಎರಡೂ ಇರುವ ಪತ್ರಿಕೆ ನಡೆಸೋಕೆ ಆಗುತ್ತಾ?

ನೀವು ಡಿಗ್ರಿ ಕೊನೆ ವರ್ಷದಲ್ಲಿದ್ದೀರಿ. ನಾಲ್ಕು ಜನ ಗೆಳೆಯರು ಸೇರಿ ಕೋಲಾರದಿಂದ ಸ್ವಂತ ಪತ್ರಿಕೆ ತರಬೇಕು ಅಂತಿದ್ದೀರಿ. ರಾಜಕೀಯವೂ ಇರಬೇಕು, ಸಿನಿಮಾನೂ ಇರಬೇಕು. "ಎರಡನ್ನೂ ಕಲಸಿದರೆ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ" ಅಂತ ನಿಮ್ಮ ಮೇಷ್ಟ್ರು ಹೇಳಿದ್ದಾರೆ, ಅದು ನಿಜವಾ ಅಂತ ಕೇಳಿದ್ದೀರಿ. ಇದೇ ಊರಲ್ಲಿ ನಾವು ಮೂವರು ಅಂಥದ್ದೊಂದು ಮಾಸಪತ್ರಿಕೆಯನ್ನು ಮೂರು ವರ್ಷ ನಡೆಸಿದೆವು. ಹಾಗಾಗಿ ಬರೆಯುತ್ತಿದ್ದೇನೆ.

ಮೇಷ್ಟ್ರ ಮಾತು ಅರ್ಧ ನಿಜ. ಮೊದಲ ನಾಲ್ಕು ಸಂಚಿಕೆ ನಾವೂ ಎಡವಿದೆವು. ಎಂಟು ಪುಟದಲ್ಲಿ ಮುಂದಿನ ನಾಲ್ಕು ರಾಜಕೀಯ, ಹಿಂದಿನ ನಾಲ್ಕು ಸಿನಿಮಾ. ಮೊದಲ ಸಂಚಿಕೆಯ ಮುಖಪುಟಕ್ಕೆ ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆ ತುಂಬಿಸುವ ಯೋಜನೆ ಅದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಿದ್ದು, ಆಮೇಲೆ ನೊರೆ ಎದ್ದಿದ್ದು, ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಜನ ಕೇಳಿದ್ದು, ಎಲ್ಲಾ ಬರೆದೆವು. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ಕೂತು, ಯಾರು ಏನು ಓದುತ್ತಾರೆ ಅಂತ ನೋಡಿದೆ. ಹುಡುಗರು ಪತ್ರಿಕೆಯನ್ನು ಹಿಂದಿನಿಂದ ತೆರೆದರು. ಸಿನಿಮಾ ಓದಿದರು. ಮುಂದಿನ ಹಾಳೆ ಕಿತ್ತು ಅದರ ಮೇಲೆ ಬೋಂಡಾ ಇಟ್ಟುಕೊಂಡರು. ಕೆರೆ ನೀರಿನ ಲೇಖನ ಬರೆದವನು ನಾನು. ಬೋಂಡಾ ಇಟ್ಟವನು ನನ್ನ ಅತ್ತೆ ಮಗ.

ದಾರಿ ಕಂಡಿದ್ದು ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಪತ್ರಿಕೆಗೆ ಒಂದು ಸಣ್ಣ ಬ್ಯಾನರ್ ಮಾಡಿಸೋಕೆ ಹೋಗಿದ್ದೆ. ನನಗಿಂತ ಮುಂಚೆ ಒಬ್ಬರು ಲೀಡರ್ ಹುಟ್ಟುಹಬ್ಬದ ಆರ್ಡರ್ ಇತ್ತು. ಡಿಸೈನ್ ಮಾಡುವ ಹುಡುಗ ಹಳೇ ಫೈಲ್ ಒಂದನ್ನು ತೆರೆದ. ಹಿಂದೆ ಕೆಂಪು ಮೋಡ, ಎರಡೂ ಕಡೆ ಸಿಂಹ, ನಡುವೆ ತೆಲುಗು ಹೀರೋ, ಕೆಳಗೆ ಸಾಲಾಗಿ ಪಾಸ್‌ಪೋರ್ಟ್ ಸೈಜಿನ ಇಪ್ಪತ್ತು ಮುಖ. ಹೀರೋನ ತೆಗೆದು ಅದೇ ಜಾಗಕ್ಕೆ ಲೀಡರನ್ನು ಕೂರಿಸಿದ. ಸಿಂಹ ಹಾಗೇ ಉಳಿದವು. ಇಪ್ಪತ್ತು ಮುಖಗಳಲ್ಲಿ ಬದಲಾಗಿದ್ದು ಮೂರೇ. "ಹುಡುಗರೆಲ್ಲಾ ಅವರೇ ಅಲ್ವಾ ಅಣ್ಣ" ಅಂದ.

ಉಳಿದ ಆ ಹದಿನೇಳು ಜನರ ಕಥೆಯೇ ನಮ್ಮ ಐದನೇ ಸಂಚಿಕೆ ಆಯಿತು. ಕಟೌಟಿಗೆ ಹಾಲು ಹೊಯ್ಯೋಕೆ ಚಂದಾ ಎತ್ತಿದವನೇ ಚುನಾವಣೆ ಬಂದಾಗ ವಾರ್ಡಿನಲ್ಲಿ ಜನ ಸೇರಿಸುತ್ತಾನೆ. ಮುಖ ಹಾಕಿಸಿಕೊಳ್ಳೋಕೆ ಎಷ್ಟು ಕೊಟ್ಟ, ದುಡ್ಡು ಎಲ್ಲಿಂದ ತಂದ, ಆಮೇಲೆ ಏನಾದರೂ ಗಿಟ್ಟಿತಾ? ಮನೆಮನೆಗೆ ಹೋಗಿ ಕೇಳಿದೆವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಫೋಟೋ ಬಂದಿದೆ ಅಂತ ಕೆಲವರು ಹತ್ತತ್ತು ಪ್ರತಿ ಕೊಂಡರು!

ನಮ್ಮದು ಗಡಿ ಜಿಲ್ಲೆ. ಪಕ್ಕದ ಆಂಧ್ರದಲ್ಲಿ ಎನ್.ಟಿ. ರಾಮರಾವ್ 1982ರಲ್ಲಿ ಪಕ್ಷ ಕಟ್ಟಿ, ಮರುವರ್ಷವೇ ಮುಖ್ಯಮಂತ್ರಿ ಆದರು. 2014ರಲ್ಲಿ ಪಕ್ಷ ಕಟ್ಟಿದ ಪವನ್ ಕಲ್ಯಾಣ್ 2024ರಲ್ಲಿ ಉಪಮುಖ್ಯಮಂತ್ರಿ ಆದರು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಹುಡುಗನಿಗೆ ಇಂಥವರು ಹೀರೋನೂ ಹೌದು, ಲೀಡರೂ ಹೌದು. ಅವನ ವೋಟು ಮಾತ್ರ ಈ ಕಡೆ. ಅವನ ತಲೆಯಲ್ಲಿ ಇಲ್ಲದ ಗೋಡೆಯನ್ನು ನೀವು ಪುಟದಲ್ಲಿ ಯಾಕೆ ಕಟ್ಟಬೇಕು?

ಇನ್ನೊಂದು ಸಂಚಿಕೆ ನನಗೆ ಇವತ್ತಿಗೂ ಇಷ್ಟ. ಕೆಜಿಎಫ್ ಸಿನಿಮಾದ ಎರಡನೇ ಭಾಗ 2022ರ ಏಪ್ರಿಲ್ 14ಕ್ಕೆ ಬಂತು. ವಿಮರ್ಶೆ ಎಲ್ಲರೂ ಬರೆದರು. ನಾವು ನಮ್ಮ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿಯಲ್ಲೇ ದುಡಿದಿದ್ದ ಒಬ್ಬ ತಾತನಿಗೆ ಟಿಕೆಟ್ ತೆಗೆದುಕೊಟ್ಟು ಪಕ್ಕದಲ್ಲಿ ಕೂತೆವು. ಇಂಟರ್‌ವಲ್‌ನಲ್ಲಿ ತಾತ ತಮಿಳು ಬೆರೆತ ಕನ್ನಡದಲ್ಲಿ, "ಬರೀ ಮಾತಾಡ್ತಾರಲ್ಲಪ್ಪಾ, ಕೆಲಸ ಯಾವಾಗ ಮಾಡ್ತಾರೆ?" ಅಂದರು. ಆಮೇಲೆ ಮಾತು ಚಾಂಪಿಯನ್ ರೀಫ್ ಗಣಿಗೆ ಹೋಯಿತು. ಮೂರು ಕಿಲೋಮೀಟರಿಗೂ ಜಾಸ್ತಿ ಆಳ, ಕೆಳಗೆ ಬಂಡೆಯೇ ಸುಡುತ್ತಿತ್ತಂತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಮೊಮ್ಮಗ ಕತ್ತಲಿರುವಾಗಲೇ ಎದ್ದು ಮಾರಿಕುಪ್ಪಂನಲ್ಲಿ ಬೆಂಗಳೂರು ಟ್ರೇನ್ ಹತ್ತುತ್ತಾನೆ, ರಾತ್ರಿ ವಾಪಸ್ ಬರುತ್ತಾನೆ. ಸುಮ್ನೆ ಆ ಟ್ರೇನ್ ಬಗ್ಗೆ ಬರೆದಿದ್ದರೆ ಅದೂ ಬೋಂಡಾ ಅಂಗಡಿಗೇ ಹೋಗುತ್ತಿತ್ತು. ಸಿನಿಮಾ ಹೆಡ್ಡಿಂಗ್ ಕೊಟ್ಟಿದ್ದಕ್ಕೆ ಟ್ರೇನ್‌ವರೆಗೂ ಓದಿಕೊಂಡು ಬಂದರು.

ದುಡ್ಡಿನ ವಿಷಯ. ಐನೂರು ಪ್ರತಿ, ಒಂದಕ್ಕೆ ಹತ್ತು ರೂಪಾಯಿ. ಎಲ್ಲಾ ಮಾರಿದರೂ ಪ್ರಿಂಟಿಂಗ್ ಖರ್ಚು ಹುಟ್ಟುತ್ತಿರಲಿಲ್ಲ. ಹೆಸರು ಬೇಡ, ಒಬ್ಬ ಲೀಡರ್ ಮೂರು ತಿಂಗಳು ಫುಲ್ ಪೇಜ್ ಜಾಹೀರಾತು ಕೊಟ್ಟರು. ಫ್ಲೆಕ್ಸ್ ಸಂಚಿಕೆ ಬಂದ ವಾರವೇ ನಿಲ್ಲಿಸಿದರು, ಕೊನೆಯ ತಿಂಗಳ ಬಾಕಿ ಇವತ್ತಿಗೂ ಬಂದಿಲ್ಲ. ಹುಟ್ಟುಹಬ್ಬದ ಶುಭಾಶಯ, ಸಿನಿಮಾ ರಿಲೀಸ್, ಈ ಎರಡು ಜಾಹೀರಾತು ಮುಟ್ಟಲೇಬೇಡಿ. ಬೇಕರಿ, ಟೈಲರ್, ಟ್ಯೂಷನ್ ಇವರ ಹತ್ತಿರ ಹೋಗಿ. ನಮ್ಮನ್ನು ಜಾಸ್ತಿ ದಿನ ಉಳಿಸಿದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಕೋಲಾರದವರ ವರ್ಷದ ಚಂದಾ. ಕೊನೆಗೆ ನಿಂತಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಒಬ್ಬನಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು, ಇನ್ನೊಬ್ಬಳಿಗೆ ಮದುವೆ ಆಯಿತು.

ನೋಂದಣಿ ಈಗ ಸುಲಭ. 1867ರ ಹಳೇ ಕಾನೂನು ಹೋಗಿ 2024ರ ಮಾರ್ಚ್ 1ರಿಂದ ಹೊಸದು ಬಂದಿದೆ. ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಹೆಸರಿಗೂ ನೋಂದಣಿಗೂ ಒಟ್ಟಿಗೇ ಅರ್ಜಿ ಹಾಕಬಹುದು. ನಾಲ್ಕೈದು ಹೆಸರು ಯೋಚಿಸಿಟ್ಟುಕೊಳ್ಳಿ. ಒಳ್ಳೇ ಹೆಸರನ್ನೆಲ್ಲಾ ಯಾರೋ ಹಿಡಿದಿಟ್ಟಿರುತ್ತಾರೆ.

ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನಡಿ ಸರ್ಕಾರಿ ಕಚೇರಿಗೆ ಅರ್ಜಿ ಹಾಕೋದು ಕಲಿತುಕೊಳ್ಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಉತ್ತರಕ್ಕೆ 30 ದಿನ. ಆದರೆ ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಮಗೆ ಈ ನಿಯಮ ಗೊತ್ತಿರಲಿಲ್ಲ. ಫ್ಲೆಕ್ಸಿಗೆ ಎಷ್ಟು ಅನುಮತಿ ಕೊಟ್ಟಿದ್ದೀರಿ ಅಂತ ಕೇಳುವ ಅರ್ಜಿಯಲ್ಲೇ ಬೀದಿ ದೀಪದ ಖರ್ಚನ್ನೂ ಕೇಳಿದ್ದೆವು. ಸರಿಯಾಗಿ ಮೂವತ್ತನೇ ದಿನ ವಾಪಸ್ ಬಂತು.

ಮೊದಲ ಸಂಚಿಕೆ ಬಂದರೆ ಇಲ್ಲೇ ಹೇಳಿ, ಚಂದಾ ಕಳಿಸುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಗೆ ಎರಡು ಪ್ರತಿ ಜಾಸ್ತಿನೇ ಹಾಕಿ. ಅತ್ತೆ ಮಗ ಈಗಲೂ ಅಲ್ಲೇ ಕೂರುತ್ತಾನೆ.