ಮಾತ್ರೆ ಮುಗಿದ ಮೇಲೂ ವಾಸನೆ ಮರಳಿ ಬರುತ್ತಿದೆಯೇ?

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ. ಎಂಟು ತಿಂಗಳಿಂದ ನೀರಿನಂಥ ಬಿಳಿ ಸೆರಗು ಹೋಗುತ್ತಿದೆ, ಮೀನಿನ ವಾಸನೆ ಬರುತ್ತದೆ. ಗಂಡನ ಜೊತೆ ಸೇರಿದ ಮೇಲೆ ಇನ್ನೂ ಜಾಸ್ತಿ. ಮಾತ್ರೆ ತಗೊಂಡರೆ ವಾಸಿಯಾಗುತ್ತದೆ, ಎರಡು ತಿಂಗಳಿಗೆ ಮತ್ತೆ ಶುರು. ದಿನಕ್ಕೆರಡು ಸಲ ಸೋಪು ಹಾಕಿ ಒಳಗೂ ತೊಳೆಯುತ್ತೇನೆ. ಆದರೂ ಯಾಕೆ ಹೀಗೆ?

ಉತ್ತರ: ಮೊದಲು ಒಳಗೆ ತೊಳೆಯುವುದನ್ನು ನಿಲ್ಲಿಸಿ. ಇದು ಕೊಳಕಿನಿಂದ ಬರುವ ಕಾಯಿಲೆಯಲ್ಲ. ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಹೆಪ್ಪು ಹಾಕಿದ ಹಾಲು ಹುಳಿಯಾಗುತ್ತದಲ್ಲ, ಇವು ಮಾಡುವುದೂ ಅದೇ ಹುಳಿ. ಅದು ಕಡಿಮೆಯಾದರೆ ಬೇರೆ ಬ್ಯಾಕ್ಟೀರಿಯಾ ತುಂಬಿಕೊಳ್ಳುತ್ತವೆ. ಸೋಪು ಆ ಹುಳಿಯನ್ನೇ ಕೆಡಿಸುತ್ತದೆ. ಹೊರಗಡೆ ಬರೀ ನೀರು ಸಾಕು.

ನೀವು ಬರೆದಿರುವುದು ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಹೀಗೆ ಬೇರೆ ಬ್ಯಾಕ್ಟೀರಿಯಾ ತುಂಬಿಕೊಂಡು ಆಗುವ ಸೋಂಕಿನ ಥರ ಕಾಣುತ್ತದೆ. ಆದರೂ ಪರೀಕ್ಷೆ ಮಾಡಿಸಿಕೊಳ್ಳಿ. ಡಾಕ್ಟರು ಹತ್ತಿಕಡ್ಡಿಯಲ್ಲಿ ಸ್ವಲ್ಪ ಸೆರಗು ತೆಗೆದು ಹುಳಿ ಅಳೆಯುವ ಪಿಎಚ್ ಪಟ್ಟಿಗೆ ತಾಗಿಸುತ್ತಾರೆ. 4.5ಕ್ಕಿಂತ ಜಾಸ್ತಿ ಬಂದರೆ ಹುಳಿ ಕಡಿಮೆಯಾಗಿದೆ ಎಂದರ್ಥ. ಮೊಸರಿನ ಗಡ್ಡೆಯಂಥ ಸೆರಗು, ತುರಿಕೆ ಇದ್ದರೆ ಅದು ಫಂಗಸ್ ಇರಬಹುದು. ಅದರ ಮಾತ್ರೆ ಇದಕ್ಕೆ ನಾಟುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಗೊಳ್ಳಬೇಡಿ.

ಸಾಮಾನ್ಯವಾಗಿ ಮೆಟ್ರೊನಿಡಜೋಲ್ ಮಾತ್ರೆಯನ್ನು 7 ದಿನ ಕೊಡುತ್ತೇವೆ. ತಾಮ್ರದ ಚೊಂಬು ನೆಕ್ಕಿದ ಹಾಗೆ ಬಾಯಿ ರುಚಿ ಕೆಡುತ್ತದೆ, ವಾಕರಿಕೆಯೂ ಬರಬಹುದು. ಊಟದ ನಂತರ ತಗೊಳ್ಳಿ. ಮೂರನೇ ದಿನಕ್ಕೆ ವಾಸನೆ ಹೋಯಿತೆಂದು ನಿಲ್ಲಿಸಬೇಡಿ.

ಇನ್ನು ಮರಳಿ ಬರುವ ವಿಷಯ. ಈ ಬ್ಯಾಕ್ಟೀರಿಯಾ ಗಂಡಸರಲ್ಲೂ ಉಳಿದಿರಬಹುದು, ಅವರಿಗೆ ಏನೂ ಗೊತ್ತಾಗುವುದಿಲ್ಲ. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಹೆಂಗಸರ ಜೊತೆಗೆ ಸಂಗಾತಿಗೂ 7 ದಿನ ಮಾತ್ರೆ, ಹಚ್ಚುವ ಕ್ರೀಮು ಕೊಟ್ಟರು. 12 ವಾರದೊಳಗೆ ಸೋಂಕು ಮರಳಿದ್ದು ನೂರಕ್ಕೆ 35 ಮಂದಿಗೆ. ಹೆಂಗಸರಿಗೆ ಮಾತ್ರ ಔಷಧಿ ಕೊಟ್ಟ ಗುಂಪಿನಲ್ಲಿ 63! ಅವರೆಲ್ಲ ಒಬ್ಬರೇ ಸಂಗಾತಿ ಇದ್ದ ಜೋಡಿಗಳು. ಹಾಗಾಗಿ ಗಂಡನ ಮೇಲಾಗಲಿ ನಿಮ್ಮ ಮೇಲಾಗಲಿ ಸಂಶಯ ಬೇಡ. ಮುಂದಿನ ಸಲ ಇಬ್ಬರೂ ಒಟ್ಟಿಗೆ ಹೋಗಿ ಕೇಳಿ. ಔಷಧಿ ಮುಗಿಯುವ ತನಕ ಸೇರಬೇಡಿ, ಇಲ್ಲವೇ ಕಾಂಡೋಮ್ ಬಳಸಿ. ಆದರೆ ಕ್ರೀಮು ಹಚ್ಚಿಕೊಳ್ಳುತ್ತಿದ್ದರೆ ಕಾಂಡೋಮ್ ನಂಬುವ ಹಾಗಿಲ್ಲ, ಕೆಲವು ಕ್ರೀಮು ಅದನ್ನು ದುರ್ಬಲ ಮಾಡುತ್ತವೆ.

ಅಷ್ಟಾದರೂ ಬಂದರೆ ವಾರಕ್ಕೆರಡು ಸಲ ಹಾಕಿಕೊಳ್ಳುವ ಜೆಲ್ ಅನ್ನು 4ರಿಂದ 6 ತಿಂಗಳು ಕೊಡುವುದುಂಟು. ಕಾಪರ್-ಟಿ ಹಾಕಿಸಿದ್ದರೆ ಅದನ್ನೂ ಹೇಳಿ. ಮೊಸರು ಧಾರಾಳವಾಗಿ ತಿನ್ನಿ, ಆದರೆ ಅದರಿಂದ ಇದು ವಾಸಿಯಾಗುವುದಿಲ್ಲ.

ಗರ್ಭಿಣಿಯಾಗಿದ್ದರೆ, ಅಥವಾ ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ತಡ ಮಾಡದೆ ತೋರಿಸಿ.