ಮರು: ಬೆರಿಯಾ ಕಾಲೇಜಿನ ಹಳೆಯ ಕಡತಗಳಲ್ಲಿ ಹುಡುಕುವುದು ಹೇಗೆ?

ಕಪ್ಪು, ಬಿಳಿ ವಿದ್ಯಾರ್ಥಿಗಳು ಒಟ್ಟಿಗೆ ಓದುವುದನ್ನು ನಿಷೇಧಿಸಿದ 1904ರ ಡೇ ಕಾನೂನು ಬಂದಮೇಲೆ ಅಮೆರಿಕದ ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನಲ್ಲಿ ಏನಾಯಿತು ಅನ್ನೋದಕ್ಕೆ ಮೂಲಪತ್ರ ಬೇಕು, ಕ್ಯಾಟಲಾಗ್‌ನಲ್ಲಿ ‘ಕಪ್ಪು ವಿದ್ಯಾರ್ಥಿಗಳು’ ಅಂತ ಹುಡುಕಿದರೆ ಹೆಚ್ಚೇನೂ ಸಿಗುತ್ತಿಲ್ಲ ಅಂದಿದ್ದೀರಿ.

ದಾಖಲಾಗಾರದಲ್ಲಿ ಕಾಗದಗಳನ್ನು ವಿಷಯವಾರು ಜೋಡಿಸುವುದಿಲ್ಲ. ಯಾವ ವ್ಯಕ್ತಿಯಿಂದ, ಯಾವ ಕಚೇರಿಯಿಂದ ಬಂದವೋ ಆ ಹೆಸರಿನಡಿ ಇಡುತ್ತಾರೆ. ಹಾಗಾಗಿ 1892ರಿಂದ 1920ರವರೆಗೆ ಅಧ್ಯಕ್ಷರಾಗಿದ್ದ ವಿಲಿಯಂ ಗುಡೆಲ್ ಫ್ರಾಸ್ಟ್ ಅವರ ಪತ್ರಗಳಿಂದ ಶುರುಮಾಡಿ. ಆಮೇಲೆ ಟ್ರಸ್ಟಿಗಳ ನಡಾವಳಿ. ಹಳೆಯ ಫೋಲ್ಡರ್‌ಗಳ ಮೇಲೆ ಆ ಕಾಲದ ಪದಗಳೇ ಉಳಿದಿರುತ್ತವೆ, ‘ನೀಗ್ರೋ’, ‘ಕಲರ್ಡ್’ ಅಂತಲೂ ಹುಡುಕಲೇಬೇಕು. ಓದಲು ನೋವಾಗುತ್ತದೆ, ಆದರೆ ಬಿಟ್ಟರೆ ಅರ್ಧ ಚರಿತ್ರೆ ಕೈತಪ್ಪುತ್ತದೆ. ಮೂರು ಇಸವಿ ಗುರುತಿಟ್ಟುಕೊಳ್ಳಿ: 1908, ಈ ಕಾನೂನಿನ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕಾಲೇಜಿಗೆ ಸೋಲು; 1912, ಕಪ್ಪು ವಿದ್ಯಾರ್ಥಿಗಳಿಗಾಗಿ ಲಿಂಕನ್ ಇನ್‌ಸ್ಟಿಟ್ಯೂಟ್; 1950, ಡೇ ಕಾನೂನಿನ ತಿದ್ದುಪಡಿ.

ಇಮೇಲ್‌ನಲ್ಲಿ ‘ಎಲ್ಲ ಮಾಹಿತಿ ಕಳಿಸಿ’ ಅನ್ನಬೇಡಿ. ಸಂಗ್ರಹದ ವಿವರಪಟ್ಟಿ ತೆರೆದು ಸಂಗ್ರಹದ ಹೆಸರು, ಪೆಟ್ಟಿಗೆ ಸಂಖ್ಯೆ, ಫೋಲ್ಡರ್ ಸಂಖ್ಯೆ, ಇಸವಿ ಬರೆದು, ಒಂದು ಸಲಕ್ಕೆ ಎರಡು-ಮೂರು ಫೋಲ್ಡರ್ ಮಾತ್ರ ಕೇಳಿ. ಸ್ಕ್ಯಾನ್ ಬಂದ ತಕ್ಷಣ ಫೈಲಿನ ಹೆಸರಿಗೇ ಈ ಸಂಖ್ಯೆಗಳನ್ನು ಸೇರಿಸಿ. ಆಮೇಲೆ ಅಡಿಟಿಪ್ಪಣಿಗೆ ಬೇಕಾದಾಗ ನೆನಪು ಸಾಲದು.

ಪೂರ್ವ ಅಮೆರಿಕದ ಬೆಟ್ಟಸೀಮೆ ಅಪಲೇಚಿಯಾದ ಪಿಟೀಲು, ಬ್ಯಾಂಜೋ (ಒಂದು ತಂತಿವಾದ್ಯ) ಧ್ವನಿಮುದ್ರಣಗಳೂ ಕಾಲೇಜಿನ ಇದೇ ದಾಖಲಾಗಾರದಲ್ಲಿ ಇವೆ. ಕೇಳಲು ಸಿಕ್ಕಿತೆಂದರೆ ಯೂಟ್ಯೂಬ್‌ಗೆ ಹಾಕಬಹುದು ಅಂತಲ್ಲ. ನುಡಿಸಿದವರ, ಮುದ್ರಿಸಿದವರ ಹಕ್ಕು ಬೇರೆಬೇರೆ ಇರಬಹುದು, ಪ್ರತ್ಯೇಕ ಅನುಮತಿ ಕೇಳಿ.